ಪೆನ್ನಿನ ಗೆರೆಯೊಳಗೆ ಉಳಿದ ದದ್ದು

ಎಂಟು ತಿಂಗಳು ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ಬೆಳಿಗ್ಗೆ ಏನು ತಿಂದೆ, ರಾತ್ರಿ ಏನು ತಿಂದೆ, ಯಾವ ಸೋಪು, ಯಾವ ಬಟ್ಟೆ, ದದ್ದು ಎಷ್ಟು ಗಂಟೆಗೆ ಎದ್ದಿತು, ಎಲ್ಲವೂ ಅದರಲ್ಲಿತ್ತು. ಒಂದನ್ನು ಬಿಟ್ಟು. ಎದ್ದ ದದ್ದು ಯಾವಾಗ ಇಳಿಯಿತು ಅಂತ ಒಂದು ದಿನವೂ ಬರೆದಿರಲಿಲ್ಲ. ಯಾರೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಮೂರನೇ ಡಾಕ್ಟರು ಕೇಳಿದರು. ನಾನು ನೋಟ್‌ಬುಕ್ ಬಿಚ್ಚಿ ಹೆಮ್ಮೆಯಿಂದ ಮುಂದಿಟ್ಟರೆ ಅವರು ಅದನ್ನು ಹಾಗೇ ಪಕ್ಕಕ್ಕೆ ಸರಿಸಿ, "ಇದೆಲ್ಲ ಆಮೇಲೆ ನೋಡೋಣ. ಒಂದೇ ದದ್ದು, ಅದೇ ಜಾಗದಲ್ಲಿ, ಎಷ್ಟು ಹೊತ್ತು ಇರುತ್ತೆ ಹೇಳಿ" ಅಂದರು. "ಯಾವಾಗಲೂ ಇರುತ್ತೆ ಡಾಕ್ಟ್ರೇ" ಅಂದೆ. "ಯಾವಾಗಲೂ ಅಂದ್ರೆ? ಒಂದು ಹೋಗಿ ಇನ್ನೊಂದು ಬರುತ್ತಾ, ಇಲ್ಲ ಅದೇ ಕೂತಿರುತ್ತಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಮೇಜಿನ ಮೇಲಿದ್ದ ಬಾಲ್‌ಪೆನ್ ತೆಗೆದುಕೊಂಡು ನನ್ನ ತೊಡೆಯ ಮೇಲಿದ್ದ ಒಂದು ದದ್ದಿನ ಸುತ್ತ ಗೆರೆ ಎಳೆದರು. ಪಕ್ಕದಲ್ಲಿ ಗಂಟೆ ಬರೆದರು. ನಾಳೆ ಇದೇ ಹೊತ್ತಿಗೆ ಫೋಟೋ ತೆಗೆಯಿರಿ, ನಾಡಿದ್ದೂ ತೆಗೆಯಿರಿ ಅಂದರು. ಅಷ್ಟೇ.

ಮೂರನೇ ದಿನ ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಪೆನ್ನಿನ ಗೆರೆ ಮಾಸಿತ್ತು. ದದ್ದು ಅಲ್ಲೇ ಇತ್ತು.

ಮೊದಲು ಸಾಧಾರಣ ದದ್ದಿನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಈ ಮೂರು ದಿನದ ವಿಷಯಕ್ಕೆ ಯಾಕೆ ಇಷ್ಟು ಗಲಾಟೆ ಅನ್ನಿಸಬಹುದು. ಕನ್ನಡದಲ್ಲಿ ಪಿತ್ತದ ಗಂಧೆ ಅಂತೀವಲ್ಲ, ಡಾಕ್ಟರುಗಳು ಅರ್ಟಿಕೇರಿಯಾ ಅನ್ನುತ್ತಾರೆ, ಚರ್ಮದ ಮೇಲೆ ಇದ್ದಕ್ಕಿದ್ದಂತೆ ಕೆಂಪಗೆ ಉಬ್ಬಿ ವಿಪರೀತ ತುರಿಸುತ್ತದಲ್ಲ, ಅದು. ಜೀವನದಲ್ಲಿ ಒಮ್ಮೆಯಾದರೂ ಇದು ಬರುವವರು ಸುಮಾರು ಐದರಲ್ಲಿ ಒಬ್ಬರು. ಅಂದರೆ ಅಪರೂಪವೇನಲ್ಲ. ಆರು ವಾರದೊಳಗೆ ಹೋದರೆ ತಾತ್ಕಾಲಿಕ, ಅದಕ್ಕಿಂತ ಜಾಸ್ತಿ ಎಳೆದರೆ ದೀರ್ಘಕಾಲದ್ದು ಅಂತ ಲೆಕ್ಕ.

ಇದರ ಹಿಂದಿರುವುದು ಚರ್ಮದೊಳಗೆ ಕೂತಿರುವ ಮಾಸ್ಟ್ ಸೆಲ್ ಅನ್ನುವ ಕಣಗಳು. 1870ರ ದಶಕದಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ ಬಣ್ಣ ಹಾಕಿ ನೋಡಿ ಇವನ್ನು ಗುರುತಿಸಿದರು. ಒಳಗೆ ಕಾಳು ತುಂಬಿದ ಹಾಗೆ ಕಂಡದ್ದರಿಂದ ಇವು ಚೆನ್ನಾಗಿ ಮೇದು ಕೊಬ್ಬಿದ ಕಣಗಳು ಅಂದುಕೊಂಡು ಆ ಅರ್ಥ ಬರುವ ಹೆಸರನ್ನೇ ಇಟ್ಟರು. ಆ ಕಾಳುಗಳಲ್ಲಿ ಇರುವುದು ಊಟ ಅಲ್ಲ, ಹಿಸ್ಟಮಿನ್ ಮತ್ತು ಅದರ ಜೊತೆಗಾರರು ಅನ್ನುವುದು ಎಷ್ಟೋ ಕಾಲದ ಮೇಲೆ ಗೊತ್ತಾಯಿತು. ಹೆಸರು ಮಾತ್ರ ಹಾಗೇ ಉಳಿದುಬಿಟ್ಟಿತು.

ಮಾಸ್ಟ್ ಸೆಲ್ ಒಡೆದುಕೊಂಡು ಹಿಸ್ಟಮಿನ್ ಚೆಲ್ಲುತ್ತದೆ. ಸುತ್ತಲಿನ ಸಣ್ಣ ರಕ್ತನಾಳಗಳು ಅಗಲವಾಗುತ್ತವೆ, ಚರ್ಮ ಕೆಂಪಾಗುತ್ತದೆ. ನಾಳದ ಗೋಡೆಯ ಸಂದುಗಳು ತೆರೆದು ನೀರಿನಂಥ ಭಾಗ ಹೊರಗೆ ಜಿನುಗುತ್ತದೆ, ಚರ್ಮ ಉಬ್ಬುತ್ತದೆ. ನರದ ತುದಿಗಳು ಕೆರಳುತ್ತವೆ, ತುರಿಕೆ ಶುರು. ಸ್ವಲ್ಪ ಹೊತ್ತಿಗೆ ಸಂದುಗಳು ಮುಚ್ಚುತ್ತವೆ, ಜಿನುಗಿದ ನೀರನ್ನು ದೇಹ ಹೀರಿಕೊಳ್ಳುತ್ತದೆ, ಎಲ್ಲ ಮೊದಲಿನಂತೆ. ಅದಕ್ಕೇ ಸಾಧಾರಣ ಗಂಧೆಯಲ್ಲಿ ಒಂದೊಂದು ದದ್ದು 24 ಗಂಟೆಯೊಳಗೆ ಮಾಯವಾಗುತ್ತದೆ, ಬಹಳ ಸಲ ಎರಡು ಮೂರು ಗಂಟೆಯಲ್ಲೇ. ಹೊಸದು ಬೇರೆ ಕಡೆ ಏಳಬಹುದು, ವರ್ಷಗಟ್ಟಲೆ ಏಳುತ್ತಲೇ ಇರಬಹುದು, ಆದರೆ ಹೋದದ್ದು ಗುರುತು ಬಿಡದೆ ಹೋಗುತ್ತದೆ.

ನನ್ನದು ಹಾಗೆ ಹೋಗುತ್ತಿರಲಿಲ್ಲ. ಮೂರು ದಿನ ಕೂತು, ಆಮೇಲೆ ಕಂದು ಬಣ್ಣದ ಕಲೆ ಬಿಟ್ಟು ಹೋಗುತ್ತಿತ್ತು. ಕೆಲವು ಕಡೆ ಏಟು ಬಿದ್ದು ಹೆಪ್ಪುಗಟ್ಟಿದ ಹಾಗೆ ಹಸಿರು-ಹಳದಿ. ಅಕ್ಕ ಒಂದು ಸಲ ನನ್ನ ಕಾಲು ನೋಡಿ "ಏನೇ ಇದು, ಎಲ್ಲಿ ಬಿದ್ದೆ?" ಅಂತ ಕೇಳಿದ್ದಳು. ಎಲ್ಲೂ ಬಿದ್ದಿಲ್ಲ ಅಂದರೆ ನಂಬಲಿಲ್ಲ.

ಇನ್ನೊಂದು ವಿಷಯ, ನನಗೆ ತುರಿಕೆಗಿಂತ ಉರಿ ಜಾಸ್ತಿ. ಇದನ್ನೂ ನಾನು ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ದದ್ದು ಅಂದರೆ ತುರಿಕೆ ಅಂತ ಎಲ್ಲರೂ ಅಂದುಕೊಂಡೇ ಮಾತು ಶುರು ಮಾಡುತ್ತಿದ್ದರು, "ತುರಿಕೆ ಹೇಗಿದೆ?" ಅಂದರೆ ನಾನೂ "ಇದೆ" ಅಂತ ತಲೆ ಆಡಿಸಿಬಿಡುತ್ತಿದ್ದೆ. ನಿಜವಾಗಿ ಅದು ಬಿಸಿ ಪಾತ್ರೆ ತಗುಲಿದ ಮೇಲೆ ಒಂದು ತಾಸು ಇರುತ್ತದಲ್ಲ, ಆ ತರಹದ ಉರಿ. ಮುಟ್ಟಿದರೆ ನೋವು.

ಈ ಮೂರೂ ಸೇರಿದಾಗ, ಅಂದರೆ 24 ಗಂಟೆ ದಾಟುವುದು, ತುರಿಕೆಗಿಂತ ಉರಿ-ನೋವು ಮುಂದಿರುವುದು, ಕಲೆ ಉಳಿಯುವುದು, ಡಾಕ್ಟರುಗಳಿಗೆ ಒಂದು ಅನುಮಾನ ಬರುತ್ತದೆ. ಅದರ ಹೆಸರು ಅರ್ಟಿಕೇರಿಯಲ್ ವ್ಯಾಸ್ಕುಲೈಟಿಸ್. ಹೊರಗಿನಿಂದ ನೋಡಿದರೆ ಗಂಧೆ, ಒಳಗೆ ರಕ್ತನಾಳದ ಉರಿಯೂತ. ಉರಿಯೂತ ಅನ್ನುವ ಪದ ನನಗೆ ತುಂಬ ಇಷ್ಟ. ಉರಿ, ಊತ, ಎರಡೂ ಅದರಲ್ಲೇ ಇದೆ. ಎರಡು ಸಾವಿರ ವರ್ಷದ ಹಿಂದೆ ರೋಮ್‌ನ ಸೆಲ್ಸಸ್ ಇದಕ್ಕೆ ನಾಲ್ಕು ಗುರುತು ಬರೆದಿಟ್ಟಿದ್ದ: ಕೆಂಪು, ಊತ, ಬಿಸಿ, ನೋವು. ನನ್ನ ತೊಡೆಯ ಮೇಲೆ ನಾಲ್ಕೂ ಹಾಜರಿದ್ದವು.

ಈಗ ಒಳಗೆ ಏನಾಗುತ್ತದೆ ಅನ್ನುವುದು. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ತಿಂಗಳು ಬೇಕಾಯಿತು, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ದೇಹಕ್ಕೆ ಬೇಡದ ಯಾವುದೋ ವಸ್ತು ಸಿಕ್ಕಿದಾಗ ಅದಕ್ಕೆ ಆಂಟಿಬಾಡಿಗಳು, ಅಂದರೆ ದೇಹ ತನ್ನ ರಕ್ಷಣೆಗೆ ತಯಾರಿಸುವ ಪ್ರೋಟೀನುಗಳು, ಅಂಟಿಕೊಳ್ಳುತ್ತವೆ. ಆಂಟಿಬಾಡಿ ಮತ್ತು ಅದು ಹಿಡಿದ ವಸ್ತು ಸೇರಿ ಒಂದು ಗಂಟಾಗುತ್ತದೆ. ಇಮ್ಯೂನ್ ಕಾಂಪ್ಲೆಕ್ಸ್ ಅಂತಾರೆ, ನಾನು ಗಂಟು ಅಂತಲೇ ಕರೆಯುತ್ತೇನೆ. ಗಂಟು ಆಗುವುದು ತಪ್ಪಲ್ಲ. ನಮ್ಮೆಲ್ಲರ ರಕ್ತದಲ್ಲೂ ಆಗುತ್ತಿರುತ್ತದೆ, ಯಕೃತ್ತು ಮತ್ತು ಗುಲ್ಮ ಸೇರಿ ಗುಡಿಸಿ ಹಾಕುತ್ತವೆ. ಗಂಟುಗಳು ವಿಪರೀತ ಹೆಚ್ಚಾದರೆ ಅಥವಾ ಗುಡಿಸುವ ಕೆಲಸ ಹಿಂದೆ ಬಿದ್ದರೆ ತೊಂದರೆ. ಆಗ ಅವು ಚರ್ಮದ ಅತಿ ಸಣ್ಣ ನಾಳಗಳ ಗೋಡೆಗೆ ಹೋಗಿ ಅಂಟುತ್ತವೆ, ಅದರಲ್ಲೂ ರಕ್ತ ವಾಪಸ್ ಹೊರಡುವ ಕಡೆಯ ನಾಳಗಳಿಗೆ.

ಅಂಟಿದ ಗಂಟನ್ನು ನೋಡಿ ಕಾಂಪ್ಲಿಮೆಂಟ್ ಅನ್ನುವ ವ್ಯವಸ್ಥೆ ಎಚ್ಚರಾಗುತ್ತದೆ. (ಡಾಕ್ಟರು ಮೊದಲ ಸಲ "ನಿಮ್ಮ ಕಾಂಪ್ಲಿಮೆಂಟ್ ನೋಡಬೇಕು" ಅಂದಾಗ ಯಾರೋ ನನ್ನನ್ನು ಹೊಗಳಿದ ಪತ್ರ ತರಬೇಕೇನೋ ಅಂದುಕೊಂಡಿದ್ದೆ.) ಇದು ರಕ್ತದಲ್ಲಿ ಓಡಾಡುವ 30ಕ್ಕೂ ಹೆಚ್ಚು ಪ್ರೋಟೀನುಗಳ ಗುಂಪು. ಒಂದು ಇನ್ನೊಂದನ್ನು ತಟ್ಟಿ ಎಬ್ಬಿಸುತ್ತದೆ, ಅದು ಮತ್ತೊಂದನ್ನು. ಹೀಗೆ ಎದ್ದ ಪ್ರೋಟೀನುಗಳಿಂದ ಸಿ3ಎ, ಸಿ5ಎ ಅನ್ನುವ ಚೂರುಗಳು ಕಿತ್ತುಕೊಂಡು ಬರುತ್ತವೆ. ಗಲಾಟೆಯೆಲ್ಲ ಈ ಚೂರುಗಳದ್ದು. ಅವು ಮಾಸ್ಟ್ ಸೆಲ್ಲನ್ನು ಕೆಣಕುತ್ತವೆ, ಹಿಸ್ಟಮಿನ್ ಚೆಲ್ಲುತ್ತದೆ, ಚರ್ಮ ಉಬ್ಬುತ್ತದೆ. ಅದಕ್ಕೇ ಹೊರಗಿನಿಂದ ನೋಡಿದವರಿಗೆ ಇದು ಅಪ್ಪಟ ಗಂಧೆ! ಆದರೆ ಸಿ5ಎ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ನ್ಯೂಟ್ರೊಫಿಲ್ ಅನ್ನುವ ಬಿಳಿ ರಕ್ತಕಣಗಳನ್ನು ಆ ಜಾಗಕ್ಕೆ ಕರೆಯುತ್ತದೆ.

ನ್ಯೂಟ್ರೊಫಿಲ್ ಇರುವುದು ಬ್ಯಾಕ್ಟೀರಿಯಾ ಕೊಲ್ಲಲು. ಅದರ ಹೊಟ್ಟೆಯಲ್ಲಿ ಎಲಾಸ್ಟೇಸ್‌ನಂಥ, ಎದುರಿಗಿದ್ದದ್ದನ್ನು ಕರಗಿಸುವ ಕಿಣ್ವಗಳಿವೆ. ಇಲ್ಲಿ ಕೊಲ್ಲಲು ಬ್ಯಾಕ್ಟೀರಿಯಾ ಇಲ್ಲ, ಗೋಡೆಗೆ ಅಂಟಿದ ಗಂಟು ಇದೆ, ಆ ಗಂಟನ್ನು ನುಂಗಲು ಆಗದೆ ಕಿಣ್ವವನ್ನು ಅಲ್ಲೇ ಸುರಿಯುತ್ತದೆ, ಸುರಿದದ್ದು ನಮ್ಮದೇ ರಕ್ತನಾಳದ ಗೋಡೆಯನ್ನು ತಿನ್ನುತ್ತದೆ. ಆಮೇಲೆ ನ್ಯೂಟ್ರೊಫಿಲ್ ಕೂಡ ಅಲ್ಲೇ ಸತ್ತು ಪುಡಿಪುಡಿಯಾಗುತ್ತದೆ. ಮೈಕ್ರೋಸ್ಕೋಪಿನಲ್ಲಿ ಈ ಪುಡಿ ಕಪ್ಪು ಧೂಳಿನ ಹಾಗೆ ಕಾಣುತ್ತದೆ. ನನ್ನ ರಿಪೋರ್ಟಿನಲ್ಲೂ ಧೂಳು ಅನ್ನುವ ಪದವೇ ಇತ್ತು.

ಸಾಧಾರಣ ಗಂಧೆಯಲ್ಲಿ ಪೈಪಿನ ಜಾಯಿಂಟ್ ಸಡಿಲವಾಗಿ ನೀರು ಜಿನುಗಿತ್ತು, ಇಲ್ಲಿ ಪೈಪೇ ತೂತು. ಬರೀ ನೀರಲ್ಲ, ಕೆಂಪು ರಕ್ತಕಣಗಳೂ ಹೊರಗೆ ಬೀಳುತ್ತವೆ. ಅವನ್ನು ವಾಪಸ್ ನಾಳದೊಳಗೆ ಹಾಕುವುದು ಹೇಗೆ? ಅಲ್ಲೇ ಒಡೆಯುತ್ತವೆ, ಅವುಗಳ ಕಬ್ಬಿಣದ ಅಂಶ ಚರ್ಮದಲ್ಲಿ ಉಳಿಯುತ್ತದೆ, ಅದೇ ಆ ಕಂದು ಕಲೆ. ಗಾಜಿನ ಚೂರನ್ನು ದದ್ದಿನ ಮೇಲೆ ಒತ್ತಿ ನೋಡುವುದೂ ಇದಕ್ಕೇ. ಸಾಧಾರಣ ದದ್ದಾದರೆ ಒತ್ತಿದಾಗ ರಕ್ತ ಪಕ್ಕಕ್ಕೆ ಸರಿದು ಬೆಳ್ಳಗಾಗುತ್ತದೆ. ರಕ್ತ ನಾಳದಿಂದ ಹೊರಗೆ ಬಿದ್ದಿದ್ದರೆ ಎಷ್ಟು ಒತ್ತಿದರೂ ಆ ಕೆಂಪು ಚುಕ್ಕೆ ಹೋಗುವುದಿಲ್ಲ.

ಗಂಟುಗಳಿಂದ ಕಾಯಿಲೆ ಬರುತ್ತದೆ ಅನ್ನುವುದು ಹಳೆಯ ಕಥೆ. 1905ರಲ್ಲಿ ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಮತ್ತು ಬೇಲಾ ಶಿಕ್ ಇದರ ಬಗ್ಗೆ ಬರೆದರು. ಡಿಫ್ತೀರಿಯಾ ಆದ ಮಕ್ಕಳಿಗೆ ಆಗ ಕುದುರೆಯ ರಕ್ತದಿಂದ ತೆಗೆದ ಸೀರಮ್ ಕೊಡುತ್ತಿದ್ದರು. ಕೆಲವು ಮಕ್ಕಳಿಗೆ ಒಂದೆರಡು ವಾರದ ಮೇಲೆ ಜ್ವರ, ಕೀಲು ನೋವು, ಮೈ ತುಂಬ ದದ್ದು. ಸೀರಮ್ ವಿಷವಾಗಿದ್ದರೆ ಕೊಟ್ಟ ದಿನವೇ ಆಗಬೇಕಿತ್ತಲ್ಲ, ಇಷ್ಟು ದಿನ ಯಾಕೆ? ದೇಹ ಅದರ ವಿರುದ್ಧ ಆಂಟಿಬಾಡಿ ತಯಾರಿಸಿಕೊಳ್ಳಲು ಬೇಕಾದ ಸಮಯ ಅದು, ಕಾಯಿಲೆ ಆಗುತ್ತಿರುವುದು ಆ ಎರಡೂ ಎದುರಾದಾಗ ಅಂತ ಅವರು ಹೇಳಿದರು. ಮರುವರ್ಷ ಅಲರ್ಜಿ ಅನ್ನುವ ಪದವನ್ನು ಹುಟ್ಟಿಸಿದವರೂ ಇದೇ ಪಿರ್ಕೆ. ಅವರೂ ಗಡಿಯಾರ ನೋಡಿಯೇ ವಿಷಯ ಹಿಡಿದದ್ದು ಅಂತ ತಿಳಿದಾಗ ನನ್ನ ನೋಟ್‌ಬುಕ್ ನೆನಪಾಯಿತು.

ಪೆನ್ನಿನ ಗೆರೆ ಅನುಮಾನ ಹುಟ್ಟಿಸುತ್ತದೆ, ಅಷ್ಟೇ. ಖಚಿತವಾಗಬೇಕಾದರೆ ಬಯಾಪ್ಸಿ ಬೇಕು. ಹೆದರಿದ್ದೆ, ಹೆದರುವಂಥದ್ದೇನಿರಲಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಾಗ ಚುರುಕ್ ಅಂದದ್ದೇ ಜಾಸ್ತಿ. ಕೆಲವೇ ಮಿಲಿಮೀಟರ್ ಅಗಲದ, ಕುಕ್ಕಿ ತೆಗೆಯುವ ಸಣ್ಣ ಸಾಧನದಲ್ಲಿ ಎರಡು ಚೂರು ತೆಗೆದು ಹೊಲಿಗೆ ಹಾಕಿದರು. ಒಂದು ಚೂರು ಮೈಕ್ರೋಸ್ಕೋಪಿಗೆ, ಇನ್ನೊಂದು ಗೋಡೆಗೆ ಅಂಟಿದ ಗಂಟು ಮತ್ತು ಕಾಂಪ್ಲಿಮೆಂಟನ್ನು ಹೊಳೆಯುವ ಬಣ್ಣ ಹಾಕಿ ಹುಡುಕುವ ಪರೀಕ್ಷೆಗೆ. ಮುಖ್ಯ ವಿಷಯ, ದದ್ದು ಹೊಸದಾಗಿರಬೇಕು. ಒಣಗಿ ಕಲೆಯಾದ ಮೇಲೆ ತೆಗೆದರೆ ಸಾಕ್ಷಿಯೆಲ್ಲ ಹೋಗಿರುತ್ತದೆ. ನಾನು ಅಪಾಯಿಂಟ್‌ಮೆಂಟ್ ದಿನ ಹೋದರೆ ಮೈ ಮೇಲೆ ಒಂದೂ ಹೊಸ ದದ್ದಿಲ್ಲ! ಎಂಟು ತಿಂಗಳಲ್ಲಿ ಮೊದಲ ಸಲ ದದ್ದು ಬರಲಿ ಅಂತ ಕಾದೆ. ನಾಲ್ಕು ದಿನದ ಮೇಲೆ ಬಂತು, ಓಡಿದೆ.

ಒಂದು ಮಾತು ಇಲ್ಲಿ ಸೇರಿಸಬೇಕು. ಬಯಾಪ್ಸಿ ರಿಪೋರ್ಟು ಯಾವಾಗಲೂ ಹೌದು-ಇಲ್ಲ ಅಂತ ಬರುವುದಿಲ್ಲ. ಸಾಧಾರಣ ಗಂಧೆಯಲ್ಲೂ ಒಂದಿಷ್ಟು ನ್ಯೂಟ್ರೊಫಿಲ್‌ಗಳು ಓಡಾಡುತ್ತಿರುತ್ತವೆ. ಗೋಡೆ ಎಷ್ಟು ಹಾಳಾದರೆ ವ್ಯಾಸ್ಕುಲೈಟಿಸ್ ಅನ್ನಬೇಕು ಅನ್ನುವುದರಲ್ಲಿ ನೋಡುವವರ ನಡುವೆಯೇ ಭಿನ್ನಾಭಿಪ್ರಾಯ ಇರುತ್ತದೆ. ಧೂಳು, ಗೋಡೆಯಲ್ಲಿ ಫೈಬ್ರಿನ್ ಅನ್ನುವ ಅಂಟು, ಹೊರಗೆ ಬಿದ್ದ ಕೆಂಪು ಕಣ, ಇವು ಒಟ್ಟಿಗೆ ಸಿಕ್ಕರೆ ಮಾತು ಗಟ್ಟಿ. ನನಗೆ ಮೂರೂ ಸಿಕ್ಕವು.

ಹಾಗೇ 24 ಗಂಟೆ ಅನ್ನುವುದೂ ಕಲ್ಲಿನಲ್ಲಿ ಕೆತ್ತಿದ ಲೆಕ್ಕವಲ್ಲ. ಒತ್ತಡದಿಂದ ತಡವಾಗಿ ಏಳುವ ಒಂದು ಗಂಧೆ ಇದೆ. ಭಾರದ ಬ್ಯಾಗಿನ ಪಟ್ಟಿ, ಬಿಗಿ ಬೆಲ್ಟು, ತುಂಬಾ ಹೊತ್ತು ಕೂತ ಜಾಗ, ಅಲ್ಲೆಲ್ಲ ನಾಲ್ಕಾರು ಗಂಟೆ ಬಿಟ್ಟು ಆಳವಾಗಿ ಊದಿಕೊಂಡು ಒಂದೆರಡು ದಿನ, ಕೆಲವೊಮ್ಮೆ ಮೂರು ದಿನ ಇರುತ್ತದೆ, ಅದೂ ನೋಯುತ್ತದೆ. ಆದರೆ ಅದರಲ್ಲಿ ರಕ್ತನಾಳದ ಗೋಡೆ ಹಾಳಾಗಿರುವುದಿಲ್ಲ. ಮತ್ತೆ ಸಾಧಾರಣ ದದ್ದನ್ನೇ ಉಗುರಿನಿಂದ ಪರಪರ ಕೆರೆದುಕೊಂಡರೆ ಚರ್ಮದಡಿ ರಕ್ತ ಕಟ್ಟಿ ಕಲೆ ಬೀಳುವುದುಂಟು. ಹಾಗಾಗಿ ಒಂದು ಕಲೆ ಕಂಡಿತು ಅಂತ ಯಾರೂ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ.

ಷ್ನಿಟ್ಸ್ಲರ್ ಸಿಂಡ್ರೋಮ್ ಅಂತ ಇನ್ನೊಂದಿದೆ, ಅದು ಇದಕ್ಕಿಂತಲೂ ಅಪರೂಪ. ಫ್ರಾನ್ಸಿನ ಚರ್ಮತಜ್ಞೆ ಲಿಲಿಯಾನ್ ಷ್ನಿಟ್ಸ್ಲರ್ 1970ರ ದಶಕದ ಆರಂಭದಲ್ಲಿ ಗುರುತಿಸಿದ್ದು. ದದ್ದಿನ ಜೊತೆ ಮರುಕಳಿಸುವ ಜ್ವರ, ಮೂಳೆ ನೋವು, ರಕ್ತದಲ್ಲಿ ಒಂದೇ ಅಚ್ಚಿನ ಐಜಿಎಮ್ ಆಂಟಿಬಾಡಿ. ಅಲ್ಲಿಯೂ ನ್ಯೂಟ್ರೊಫಿಲ್‌ಗಳೇ ತುಂಬಿರುತ್ತವೆ, ಆದರೆ ಅಲ್ಲಿನ ಮುಖ್ಯ ಸೂತ್ರಧಾರ ಇಂಟರ್‌ಲ್ಯೂಕಿನ್-1 ಅನ್ನುವ ಸಂಕೇತ. ಅದನ್ನು ತಡೆಯುವ ಇಂಜೆಕ್ಷನ್ ಕೊಟ್ಟರೆ ಎಷ್ಟೋ ಜನರಿಗೆ ಗಂಟೆಗಳಲ್ಲೇ ಆರಾಮ.

ಸರಿ, ಬಂದದ್ದು ಯಾಕೆ? ಎಲ್ಲರೂ ಕೇಳುವುದು ಇದನ್ನೇ. ನಾನೂ ಕೇಳಿದ್ದು ಇದನ್ನೇ, ಎಂಟು ತಿಂಗಳು, ನೋಟ್‌ಬುಕ್ಕಿನಲ್ಲಿ.

ಮೊದಲು ನೋಡುವುದು ಕಾಂಪ್ಲಿಮೆಂಟನ್ನು. ಗಂಟುಗಳ ಮೇಲೆ ಕಾಂಪ್ಲಿಮೆಂಟ್ ಖರ್ಚಾಗುತ್ತಿದ್ದರೆ ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಆ ಗುಂಪಿನ ಸಿ3, ಸಿ4, ಸಿ1ಕ್ಯೂ ಅನ್ನುವ ಮೂರು ಪ್ರೋಟೀನು ಅಳೆಯುತ್ತಾರೆ. ಈ ಕಾಯಿಲೆ ಇರುವ ಹೆಚ್ಚಿನವರಲ್ಲಿ ಇವು ಸರಿಯಾಗೇ ಇರುತ್ತವೆ, ಅವರಿಗೆ ಕಾಯಿಲೆ ಬಹುಪಾಲು ಚರ್ಮದಲ್ಲೇ ಉಳಿಯುತ್ತದೆ. ಕಡಿಮೆ ಇದ್ದವರಲ್ಲಿ ಒಳಗಿನ ಅಂಗಗಳಿಗೂ ತಗುಲುವ ಸಾಧ್ಯತೆ ಜಾಸ್ತಿ. ಒಂದು ಸಲ ನೋಡಿ ಬಿಡುವುದಿಲ್ಲ, ಮಟ್ಟ ಏರಿಳಿಯುವುದರಿಂದ ಮತ್ತೆ ನೋಡುತ್ತಾರೆ.

ಕಾಂಪ್ಲಿಮೆಂಟ್ ಇಳಿದಿದ್ದರೆ ಮೊದಲ ಅನುಮಾನ ಲೂಪಸ್ ಮೇಲೆ. ದೇಹ ತನ್ನದೇ ಕಣಗಳ ವಿರುದ್ಧ ಆಂಟಿಬಾಡಿ ಮಾಡಿಕೊಳ್ಳುವ ಕಾಯಿಲೆ ಅದು, ಗಂಟುಗಳಿಗೆ ಬರವಿಲ್ಲ. ಶೋಗ್ರೆನ್ ಅನ್ನುವ, ಕಣ್ಣು-ಬಾಯಿ ಒಣಗಿಸುವ ಕಾಯಿಲೆಯೂ ಈ ಸಾಲಿನಲ್ಲಿದೆ. ಆಮೇಲೆ ಸೋಂಕುಗಳು. ಹೆಪಟೈಟಿಸ್ ಬಿ ಮತ್ತು ಸಿ ಮುಖ್ಯವಾದವು. ವೈರಸ್ಸು ರಕ್ತದಲ್ಲಿ ದೀರ್ಘಕಾಲ ಉಳಿದರೆ ಅದರ ಚೂರುಗಳೂ ಆಂಟಿಬಾಡಿಯೂ ಸೇರಿ ಗಂಟಾಗುತ್ತಲೇ ಇರುತ್ತವೆ. ದದ್ದು ಅಂತ ಹೋದವಳಿಗೆ ಲಿವರ್ ವೈರಸ್ಸಿನ ಪರೀಕ್ಷೆ ಯಾಕೆ ಬರೆದುಕೊಟ್ಟರು ಅಂತ ನನಗೆ ಆಗ ತಲೆಬುಡ ತಿಳಿದಿರಲಿಲ್ಲ.

ಔಷಧಿಗಳೂ ಕಾರಣವಾಗಬಹುದು. ನೋವಿನ ಮಾತ್ರೆಗಳು, ಪೆನಿಸಿಲಿನ್ ಜಾತಿಯ ಆಂಟಿಬಯಾಟಿಕ್, ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಪಟ್ಟಿಯಲ್ಲಿವೆ. ಹೊಸ ಮಾತ್ರೆ ಶುರುವಾಗಿ ಎಷ್ಟು ದಿನಕ್ಕೆ ದದ್ದು ಬಂತು ಅನ್ನುವುದನ್ನು ನೋಡುತ್ತಾರೆ, ಮತ್ತೆ ಗಡಿಯಾರ. ಆದರೆ ಇದನ್ನು ಓದಿ ಬಿಪಿ ಮಾತ್ರೆ ನೀವೇ ನಿಲ್ಲಿಸಿಬಿಡಬೇಡಿ ಮತ್ತೆ! ಕೊಟ್ಟವರನ್ನು ಕೇಳಿ. ಬಹಳ ಅಪರೂಪಕ್ಕೆ ರಕ್ತದ ಕಾಯಿಲೆ ಅಥವಾ ಕ್ಯಾನ್ಸರಿನ ಜೊತೆ ಬಂದದ್ದೂ ಇದೆ. ಅಪರೂಪ ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ, ನಾನು ಆ ಸಾಲು ಓದಿದ ರಾತ್ರಿ ಮಲಗಲಿಲ್ಲ.

ಕಾಂಪ್ಲಿಮೆಂಟ್ ಇಳಿದವರಲ್ಲೇ ಒಂದು ಸಣ್ಣ ಗುಂಪಿದೆ, ಅವರ ಕಥೆ ವಿಚಿತ್ರವಾಗಿದೆ. 1973ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಫ್ರೆಡರಿಕ್ ಮೆಕ್‌ಡಫಿ ಮತ್ತು ಜೊತೆಗಾರರು ಮೊದಲು ವಿವರಿಸಿದ್ದು. ಮೈ ಮೇಲೆ ದದ್ದು, ಕೀಲು ನೋವು, ಕಾಂಪ್ಲಿಮೆಂಟ್ ತೀರಾ ಕಡಿಮೆ, ಆದರೆ ಲೂಪಸ್ ಅಂತ ಹೇಳಲು ಆಗುವುದಿಲ್ಲ. ಇವರಲ್ಲಿ ಬಹಳ ಜನರಿಗೆ ಸಿ1ಕ್ಯೂ ವಿರುದ್ಧವೇ ಆಂಟಿಬಾಡಿ ಇರುತ್ತದೆ ಅಂತ ಆಮೇಲೆ ತಿಳಿಯಿತು. ಸಿ1ಕ್ಯೂ ಅಂದರೆ ಆರು ಹೂವಿನ ಗೊಂಚಲಿನ ಹಾಗಿರುವ ಪ್ರೋಟೀನು. ಹೂವಿನ ಕಡೆಯಿಂದ ಗಂಟನ್ನು ಹಿಡಿಯುತ್ತದೆ, ಸತ್ತ ಕಣಗಳ ಕಸವನ್ನು ಗುರುತು ಹಾಕಿ ಸಾಗಿಸಲು ನೆರವಾಗುತ್ತದೆ. ಇವರಲ್ಲಿ ಆಂಟಿಬಾಡಿ ಬಂದು ಅದರ ಕಾಂಡವನ್ನೇ ಹಿಡಿದುಕೊಳ್ಳುತ್ತದೆ. ಕಸ ಗುಡಿಸುವವನ ಕೈಯನ್ನೇ ಕಟ್ಟಿದ ಹಾಗೆ. 2013ರಲ್ಲಿ ಟರ್ಕಿಯ ಸಂಶೋಧಕರು ಈ ಕಾಯಿಲೆ ಕುಟುಂಬದಲ್ಲೇ ಬಂದ ಮಕ್ಕಳಲ್ಲಿ ಡಿಎನ್‌ಏಸ್1ಎಲ್3 ಅನ್ನುವ ಜೀನಿನ ದೋಷ ತೋರಿಸಿದರು. ಅದು ಮಾಡುವ ಕೆಲಸ ಏನು ಗೊತ್ತಾ? ಸತ್ತ ಕಣಗಳಿಂದ ಹೊರಬಿದ್ದ ಡಿಎನ್‌ಎಯನ್ನು ಕತ್ತರಿಸಿ ವಿಲೇವಾರಿ ಮಾಡುವುದು. ಅಲ್ಲೂ ಕಸದ ವಿಷಯವೇ.

ಈ ಗುಂಪಿನವರಿಗೆ ಚರ್ಮವೇ ದೊಡ್ಡ ಚಿಂತೆಯಲ್ಲ. ಕಣ್ಣು ಕೆಂಪಾಗಿ ನೋಯುವುದು, ಹೊಟ್ಟೆ ನೋವು, ಕಿಡ್ನಿಯ ಉರಿಯೂತ, ಎಲ್ಲಕ್ಕಿಂತ ಹೆಚ್ಚಾಗಿ ಶ್ವಾಸಕೋಶ. ಗಾಳಿಚೀಲಗಳು ಹಾಳಾಗಿ ಉಸಿರು ಕಟ್ಟುವ ಎಂಫಿಸೀಮಾ ಇವರಲ್ಲಿ ಬೇಗ ಬರುತ್ತದೆ, ಸಿಗರೇಟು ಸೇದುವವರಲ್ಲಿ ಇನ್ನೂ ಬೇಗ. ಆದ್ದರಿಂದ ದದ್ದಿನ ಡಾಕ್ಟರು "ಸಿಗರೇಟ್ ಇದೆಯಾ? ಮೂತ್ರ ನೊರೆ ಬರುತ್ತಾ? ಮೆಟ್ಟಿಲು ಹತ್ತಿದ್ರೆ ಏದುಸಿರಾ?" ಅಂತ ಕೇಳಿದರೆ ಸಂಬಂಧ ಇಲ್ಲದ ಪ್ರಶ್ನೆ ಅಂದುಕೊಳ್ಳಬೇಡಿ. ನಾಲಿಗೆ, ಗಂಟಲು ಊದಿಕೊಂಡರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ ಅದು ಬೇರೆಯೇ ಮಾತು, ಅದು ಯಾವ ಗಂಧೆಯೇ ಇರಲಿ, ನೇರ ಎಮರ್ಜೆನ್ಸಿಗೆ.

ನನ್ನ ಫಲಿತಾಂಶ? ಕಾಂಪ್ಲಿಮೆಂಟ್ ಸರಿ. ಲೂಪಸ್ ಪರೀಕ್ಷೆ ನೆಗೆಟಿವ್. ಹೆಪಟೈಟಿಸ್ ಇಲ್ಲ. ಮೂತ್ರ, ಕಿಡ್ನಿ ಸರಿ. ಇಎಸ್‌ಆರ್ ಮಾತ್ರ ಸ್ವಲ್ಪ ಮೇಲೆ, ಉರಿಯೂತ ಎಲ್ಲೋ ಇದೆ ಅಂತ ಹೇಳುವ, ಎಲ್ಲಿದೆ ಅಂತ ಹೇಳದ ಪರೀಕ್ಷೆ ಅದು. ಕಾರಣ ಗೊತ್ತಿಲ್ಲ ಅಂತ ಫೈಲಿನಲ್ಲಿ ಬರೆದರು. "ಇಷ್ಟೆಲ್ಲ ರಕ್ತ ತೆಗೆದು ಕೊನೆಗೆ ಗೊತ್ತಿಲ್ಲ ಅಂದ್ರೇನೇ?" ಅಂತ ಅಕ್ಕ ಸಿಟ್ಟಾದಳು. ನನಗೂ ಮೊದಲು ಹಾಗೇ ಅನ್ನಿಸಿತು. ಆಮೇಲೆ ತಿಳಿಯಿತು, ಈ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಇದೇ ಉತ್ತರ. ಆ ಪರೀಕ್ಷೆಗಳೆಲ್ಲ ಕಾರಣ ಹುಡುಕಲು ಎಷ್ಟೋ, ಕೆಟ್ಟ ಕಾರಣಗಳು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಅಷ್ಟೇ. ನನಗೆ ಬೇಸರವಿರುವುದು ಅದರ ಬಗ್ಗೆ ಅಲ್ಲ. ಮೊದಲ ಇಬ್ಬರು ಡಾಕ್ಟರುಗಳು ಏನು ತಿಂದಿರಿ, ಏನು ತಿಂದಿರಿ ಅಂತ ಅದೊಂದನ್ನೇ ಕೇಳಿ, ನಾನು ಒಂದೊಂದೇ ಆಹಾರ ಬಿಡುತ್ತಾ ಬಂದು ಆರು ಕಿಲೋ ಇಳಿದೆನಲ್ಲ, ಅದರ ಬಗ್ಗೆ. ದಿನಗಟ್ಟಲೆ ಅಲುಗಾಡದ ದದ್ದಿಗೆ ಊಟವನ್ನು ದೂರುವುದರಲ್ಲಿ ಅರ್ಥವೇ ಇರಲಿಲ್ಲ.

ಔಷಧಿಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು. ಆದರೆ ಒಳಗಿನ ಕಥೆ ಗೊತ್ತಾದ ಮೇಲೆ ಔಷಧಿಗಳ ಆಯ್ಕೆ ತಮಾಷೆಯಾಗಿ ಕಾಣುತ್ತದೆ. ಸಾಧಾರಣ ಗಂಧೆಗೆ ಕೊಡುವ ಆಂಟಿಹಿಸ್ಟಮಿನ್ ನನಗೆ ತುರಿಕೆಯನ್ನು ಸ್ವಲ್ಪ ತಗ್ಗಿಸಿತು, ಉರಿ ಹಾಗೇ ಇತ್ತು. ಯಾಕೆ ಅಂತ ಈಗ ಗೊತ್ತು, ಅದು ಹಿಸ್ಟಮಿನ್ನನ್ನು ತಡೆಯುತ್ತದೆ, ನ್ಯೂಟ್ರೊಫಿಲ್ಲನ್ನು ಅಲ್ಲ. ಗೌಟ್ ಅನ್ನುವ ಕೀಲುವಾತಕ್ಕೆ ಅಂತ ಇರುವ ಕಾಲ್ಚಿಸಿನ್, ಕುಷ್ಠರೋಗಕ್ಕೆ ಅಂತ ಇರುವ ಡ್ಯಾಪ್ಸೋನ್, ಇವೆರಡನ್ನೂ ಇದಕ್ಕೆ ಕೊಡುತ್ತಾರೆ. ಕಾಲ್ಚಿಸಿನ್ ನ್ಯೂಟ್ರೊಫಿಲ್‌ಗಳ ಓಡಾಟವನ್ನೇ ತಡೆಯುತ್ತದೆ, ಡ್ಯಾಪ್ಸೋನ್ ಅವುಗಳ ಕಿಣ್ವದ ಆಟವನ್ನು. ಡ್ಯಾಪ್ಸೋನ್ ಕೊಡುವ ಮೊದಲು ಜಿ6ಪಿಡಿ ಅನ್ನುವ ರಕ್ತ ಪರೀಕ್ಷೆ ಮಾಡಿಸಬೇಕು, ಆ ಕಿಣ್ವ ಕಡಿಮೆ ಇದ್ದವರಲ್ಲಿ ಕೆಂಪು ಕಣಗಳು ಒಡೆಯುತ್ತವೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಇನ್ನೊಂದು, ಅದಕ್ಕೆ ಕಣ್ಣಿನ ಪರೀಕ್ಷೆ ಆಗಾಗ. ಇವು ಸಾಲದವರಿಗೆ ಓಮಾಲಿಜುಮ್ಯಾಬ್‌ನಂಥ ಇಂಜೆಕ್ಷನ್‌ಗಳಿವೆ.

ಸ್ಟೀರಾಯ್ಡ್ ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ. ನನಗೆ ಎರಡೇ ದಿನದಲ್ಲಿ ಮೈ ಶುಭ್ರ, ಹಾರಾಡಿಬಿಟ್ಟೆ. ಡೋಸ್ ಇಳಿಸುತ್ತಾ ಬಂದ ಹಾಗೆ ಒಂದೊಂದೇ ವಾಪಸ್. ವರ್ಷಗಟ್ಟಲೆ ಅದನ್ನೇ ನುಂಗುವುದಕ್ಕೆ ಆಗುವುದಿಲ್ಲ ಅಲ್ವಾ, ಮೂಳೆ, ಸಕ್ಕರೆ, ತೂಕ ಎಲ್ಲದಕ್ಕೂ ಪೆಟ್ಟು. ಕೊನೆಗೆ ನನಗೆ ಒಗ್ಗಿದ್ದು ಕಾಲ್ಚಿಸಿನ್. ಮೊದಲ ಹದಿನೈದು ದಿನ ಹೊಟ್ಟೆ ಕೆಟ್ಟು ಹೈರಾಣಾದೆ, ಡೋಸ್ ಕಡಿಮೆ ಮಾಡಿದ ಮೇಲೆ ಸರಿಹೋಯಿತು. ಮತ್ತೆ ತಲೆನೋವಿಗೆ ಸುಮ್ನೆ ನುಂಗುತ್ತಿದ್ದ ನೋವಿನ ಮಾತ್ರೆಗಳನ್ನು ಈಗ ಕೇಳದೆ ಮುಟ್ಟುವುದಿಲ್ಲ, ಅವು ಕೆಲವರಲ್ಲಿ ದದ್ದನ್ನು ಕೆರಳಿಸುತ್ತವೆ.

ಈಗ ಒಂದು ವರ್ಷವಾಯಿತು. ಹಳೆಯ ಕಲೆಗಳು ಮಾಸುತ್ತಾ ಬಂದಿವೆ, ಮೊಣಕಾಲಿನ ಹಿಂದೆ ಎರಡು ಮಾತ್ರ ಹಟ ಹಿಡಿದು ಕೂತಿವೆ. ನೋಟ್‌ಬುಕ್ ಇನ್ನೂ ಇದೆ, ಊಟದ ಕಾಲಂ ಹೊಡೆದುಹಾಕಿ ಅಲ್ಲಿ ಎದ್ದ ಗಂಟೆ, ಇಳಿದ ಗಂಟೆ ಅಂತ ಬರೆದುಕೊಂಡಿದ್ದೇನೆ. ಕಳೆದ ವಾರ ಎಡಗೈ ಮೇಲೆ ಒಂದು ಎದ್ದಿತು. ಗೆರೆ ಎಳೆದೆ. ಹದಿನಾಲ್ಕು ಗಂಟೆಗೆ ಹೋಯಿತು, ಕಲೆಯೂ ಇಲ್ಲ, ಉರಿಯೂ ಇರಲಿಲ್ಲ, ಬರೀ ತುರಿಕೆ. ಫೋಟೋ ಡಾಕ್ಟರಿಗೆ ಕಳಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.